ಅಚೇತನಕ್ಕೆ ಉದ್ದೇಶವುಂಟೇ? ಲೆಕ್ಟಿನ್ ಸಂಶೋಧನೆಯ ಬೆಳಕಿನಲ್ಲಿ ಒಂದು ಹಳೆಯ ವಾದ

ಅರಿವಿಲ್ಲದ ವಸ್ತು ಒಂದು ಉದ್ದೇಶಕ್ಕಾಗಿ ಕೆಲಸ ಮಾಡಬಲ್ಲುದೇ ಎಂಬುದು ಸಾಂಖ್ಯರಿಗೂ ವೇದಾಂತಿಗಳಿಗೂ ನಡುವೆ ನಡೆದ ದೀರ್ಘ ವಾದಗಳಲ್ಲೊಂದರ ತಿರುಳು. ಸಾಂಖ್ಯ ದರ್ಶನದಲ್ಲಿ ಪ್ರಕೃತಿ, ಅಂದರೆ ಜಗತ್ತಿನ ಮೂಲದ್ರವ್ಯ, ಸಂಪೂರ್ಣವಾಗಿ ಅಚೇತನವಾದುದು. ಪುರುಷ, ಅಂದರೆ ಸಾಕ್ಷಿರೂಪನಾದ ಆತ್ಮ, ಚೇತನನಾದರೂ ಏನನ್ನೂ ಮಾಡದವನು. ಹೀಗಿದ್ದರೂ ಪ್ರಕೃತಿ ಪುರುಷನ ಭೋಗಕ್ಕಾಗಿಯೂ ಬಿಡುಗಡೆಗಾಗಿಯೂ ಪ್ರವರ್ತಿಸುತ್ತದೆಂದು ಆ ದರ್ಶನ ಹೇಳುವುದರಿಂದ, ಅರಿವಿಲ್ಲದ್ದು ಇನ್ನೊಬ್ಬರ ಪ್ರಯೋಜನವನ್ನು ಹೇಗೆ ಸಾಧಿಸಿಕೊಡುತ್ತದೆ ಎಂಬ ಆಕ್ಷೇಪಕ್ಕೆ ಅದು ಉತ್ತರ ಹೇಳಬೇಕಾಯಿತು. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ 57ನೆಯ ಕಾರಿಕೆ ಕೊಡುವ ಉತ್ತರ ಹಾಲಿನ ದೃಷ್ಟಾಂತ: ಹಾಲಿಗೆ ಅರಿವಿಲ್ಲ, ಆದರೂ ಅದು ಕರುವಿನ ಪೋಷಣೆಗಾಗಿ ಸುರಿಯುತ್ತದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದ ಭಾಷ್ಯದಲ್ಲಿ ಶಂಕರಾಚಾರ್ಯರು ಇದೇ ದೃಷ್ಟಾಂತವನ್ನು ಕೈಗೆತ್ತಿಕೊಂಡು, ಹಾಲು ತಾನಾಗಿ ಸುರಿಯುವುದಿಲ್ಲ, ಚೇತನವುಳ್ಳ ಹಸುವಿನ ವಾತ್ಸಲ್ಯವೂ ಕರು ಚೀಪುವುದೂ ಸೇರಿ ಅದನ್ನು ಸುರಿಸುತ್ತವೆ ಎಂದು ಪ್ರತಿವಾದ ಹೂಡುತ್ತಾರೆ. ಅದೇ ಪಾದದಲ್ಲಿ ಸ್ವಲ್ಪ ಮುಂದೆ ಹುಲ್ಲಿನ ಮಾತು ಬರುತ್ತದೆ: ಹುಲ್ಲು ಹಾಲಾಗುವುದು ಹಸುವಿನ ಒಡಲಿಗೆ ಸೇರಿದಾಗ ಮಾತ್ರ, ಎತ್ತು ಮೇದ ಹುಲ್ಲು ಹಾಲಾಗುವುದಿಲ್ಲ, ಆದ್ದರಿಂದ ಹಾಲಾಗುವ ಗುಣ ಹುಲ್ಲಿನಲ್ಲಿಯೇ ನೆಲೆಸಿದೆ ಎನ್ನಲಾಗದು.

ಇಪ್ಪತ್ತನೆಯ ಶತಮಾನದ ಜೀವರಸಾಯನ ವಿಜ್ಞಾನ ಈ ವಾದವನ್ನು ಉದ್ದೇಶಪೂರ್ವಕವಾಗಿ ಎತ್ತಿಕೊಳ್ಳಲಿಲ್ಲ. ಆದರೆ ಅದು ಬಳಸುವ ಕ್ರಿಯಾಪದಗಳೇ ವಾದವನ್ನು ಮತ್ತೆ ಎದುರಿಗೆ ತಂದು ನಿಲ್ಲಿಸುತ್ತವೆ. ಅಣು ಗುರುತಿಸುತ್ತದೆ, ಜೀವಕೋಶ ಸಂದೇಶವನ್ನು ಓದುತ್ತದೆ, ಪ್ರೋಟೀನು ತನ್ನ ಜೊತೆಗಾರನನ್ನು ಆರಿಸಿಕೊಳ್ಳುತ್ತದೆ ಎಂಬ ಮಾತುಗಳು ಪಠ್ಯಪುಸ್ತಕಗಳಲ್ಲಿ ಸಲೀಸಾಗಿ ಬರುತ್ತವೆ. ಇಂಥ ಮಾತುಗಳು ಅತ್ಯಂತ ದಟ್ಟವಾಗಿ ಕಾಣುವುದು ಲೆಕ್ಟಿನ್ ಎಂಬ ಪ್ರೋಟೀನುಗಳ ಅಧ್ಯಯನದಲ್ಲಿ. ಲೆಕ್ಟಿನ್ ಎಂದರೆ ನಿರ್ದಿಷ್ಟ ಸಕ್ಕರೆಯ ಅಣುವನ್ನು ಹಿಡಿದುಕೊಳ್ಳುವ, ಆದರೆ ಕಿಣ್ವದಂತೆ ಅದನ್ನು ಒಡೆಯದ ಅಥವಾ ಬದಲಾಯಿಸದ ಪ್ರೋಟೀನು. ಜೀವಕೋಶಗಳ ಹೊರಮೈಯಲ್ಲಿ ಬಗೆಬಗೆಯ ಸಕ್ಕರೆಯ ಸರಪಳಿಗಳು ಚಾಚಿಕೊಂಡಿರುವುದರಿಂದ, ಎರಡು ಕಡೆ ಹಿಡಿಯಬಲ್ಲ ಲೆಕ್ಟಿನ್ ಒಂದು ಕೋಶವನ್ನು ಇನ್ನೊಂದಕ್ಕೆ ಅಂಟಿಸಿ ಮುದ್ದೆಗಟ್ಟಿಸಬಲ್ಲುದು. ಇಸ್ರೇಲಿನ ಜೀವರಸಾಯನ ವಿಜ್ಞಾನಿ ನಾಥನ್ ಶರೋನ್ (1925–2011) ತಮ್ಮ ವೃತ್ತಿಜೀವನದ ಬಹುಪಾಲನ್ನು ಈ ಪ್ರೋಟೀನುಗಳಿಗೆ ಮೀಸಲಿಟ್ಟವರು. ಅವರ ಸಂಶೋಧನೆಯ ದಾರಿಯನ್ನು ಅನುಸರಿಸಿದರೆ ಅಚೇತನದ ಉದ್ದೇಶವೆಂಬ ಪ್ರಶ್ನೆಗೆ ಪೂರ್ಣ ಪರಿಹಾರ ಸಿಗದಿದ್ದರೂ, ಪ್ರಶ್ನೆಯನ್ನು ಸರಿಯಾಗಿ ಕೇಳುವ ಬಗೆಯಾದರೂ ಸ್ಪಷ್ಟವಾಗುತ್ತದೆ.

ಲೆಕ್ಟಿನ್‌ಗಳ ಚರಿತ್ರೆ ವಿಷದಿಂದ ಆರಂಭವಾಗುತ್ತದೆ. ಇಂದು ಎಸ್ಟೋನಿಯಾದಲ್ಲಿರುವ, ಆಗ ಡೋರ್ಪಾಟ್ ಎಂದು ಕರೆಯಲ್ಪಡುತ್ತಿದ್ದ ಊರಿನ ವಿಶ್ವವಿದ್ಯಾಲಯದಲ್ಲಿ ಪೀಟರ್ ಹರ್ಮನ್ ಸ್ಟಿಲ್‌ಮಾರ್ಕ್ 1888ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ, ಔಡಲದ ಬೀಜದಿಂದ ಪಡೆದ ರಿಸಿನ್ ಎಂಬ ವಸ್ತು ಕೆಂಪು ರಕ್ತಕಣಗಳನ್ನು ಮುದ್ದೆಗಟ್ಟಿಸುತ್ತದೆ ಎಂದು ತೋರಿಸಿದ. ಗುಲಗಂಜಿಯ ಬೀಜದಲ್ಲಿರುವ ಅಬ್ರಿನ್ನಿನಲ್ಲಿಯೂ ಇದೇ ಗುಣ ಕಂಡುಬಂತು. ಪಾಲ್ ಎರ್ಲಿಕ್ 1891ರಲ್ಲಿ ಈ ಎರಡು ವಿಷಗಳನ್ನು ಇಲಿಗಳಿಗೆ ಅಲ್ಪ ಪ್ರಮಾಣದಲ್ಲಿ ಕೊಡುತ್ತ ಹೋಗಿ, ದೇಹ ಒಂದು ವಿಷಕ್ಕೆ ಬೆಳೆಸಿಕೊಂಡ ಪ್ರತಿರೋಧ ಇನ್ನೊಂದರ ಮೇಲೆ ನಡೆಯದೆಂದು ಕಂಡುಕೊಂಡದ್ದು ರೋಗನಿರೋಧ ಶಾಸ್ತ್ರದ ತಳಹದಿಗಳಲ್ಲೊಂದಾಯಿತು. ಈ ಮುದ್ದೆಗಟ್ಟುವಿಕೆಗೂ ಸಕ್ಕರೆಗೂ ಸಂಬಂಧವಿದೆ ಎಂಬುದು ಹೊರಬೀಳಲು 1936ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಜೇಮ್ಸ್ ಸಮ್ನರ್ ಮತ್ತು ಹೊವೆಲ್ ಅವರು ಕಾನ್‌ಕನಾವಲಿನ್ ಎ ಎಂಬ ಅವರೆ ಜಾತಿಯ ಲೆಕ್ಟಿನ್ನಿನ ಕೆಲಸವನ್ನು ಕಬ್ಬಿನ ಸಕ್ಕರೆ ತಡೆಯುತ್ತದೆಂದು ತೋರಿಸಿದರು. 1950ರ ದಶಕದ ಆರಂಭದಲ್ಲಿ ಲಂಡನ್ನಿನ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಇಂಥ ಸಸ್ಯ ಪ್ರೋಟೀನುಗಳ ನೆರವಿನಿಂದ ಎ, ಬಿ, ಒ ರಕ್ತದ ಗುಂಪುಗಳ ವ್ಯತ್ಯಾಸವೆಂದರೆ ಸಕ್ಕರೆಗಳ ವ್ಯತ್ಯಾಸವೇ ಎಂಬುದನ್ನು ಹೊರಗೆಡಹಿದರು. 1951ರಲ್ಲಿ ಜಿ. ಡಬ್ಲ್ಯು. ಜಿ. ಬರ್ಡ್ ಎಂಬ ವೈದ್ಯವಿಜ್ಞಾನಿ ಭಾರತದಲ್ಲಿ ಕೆಲಸ ಮಾಡುತ್ತಿದ್ದಾಗ, ಕರ್ನಾಟಕದ ಒಣಭೂಮಿಯ ಬೆಳೆಯಾದ ಹುರುಳಿಯ ಸತ್ವ ಎ ಗುಂಪಿನ ರಕ್ತಕಣಗಳನ್ನು ಆರಿಸಿ ಮುದ್ದೆಗಟ್ಟಿಸುತ್ತದೆಂದು ಕಂಡುಹಿಡಿದರು. ಎ1 ಎಂಬ ಉಪಗುಂಪನ್ನು ಬೇರ್ಪಡಿಸಲು ರಕ್ತನಿಧಿಗಳು ಹುರುಳಿಯ ಲೆಕ್ಟಿನ್ನನ್ನು ಈಗಲೂ ಬಳಸುತ್ತವೆ.

ಶರೋನ್ ಈ ಕ್ಷೇತ್ರಕ್ಕೆ ಬಂದದ್ದು ಗುರಿಯಿಟ್ಟು ಅಲ್ಲ. ಆಗ ಪೋಲೆಂಡಿಗೆ ಸೇರಿದ್ದ ಬ್ರೆಸ್ಟ್ ನಗರದಲ್ಲಿ ಹುಟ್ಟಿ, 1934ರಲ್ಲಿ ಕುಟುಂಬದೊಂದಿಗೆ ಪ್ಯಾಲೆಸ್ತೀನಿಗೆ ಬಂದು, ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಓದಿದ ಅವರು 1954ರಲ್ಲಿ ರೆಹೋವೋತ್‌ನ ವೈಜ್‌ಮನ್ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅವರು ಮೊದಲು ಕೆಲಸ ಮಾಡಿದ್ದು ಮುಂದೆ ಇಸ್ರೇಲಿನ ರಾಷ್ಟ್ರಪತಿಯೂ ಆದ ಎಫ್ರಾಯಿಮ್ ಕಚಾಲ್ಸ್ಕಿ ಅವರ ವಿಭಾಗದಲ್ಲಿ. 1960ರ ದಶಕದಲ್ಲಿ ಸಹೋದ್ಯೋಗಿ ಹಲೀನಾ ಲಿಸ್ ಅವರೊಡನೆ ಸೋಯಾ ಅವರೆಯ ಲೆಕ್ಟಿನ್ನನ್ನು ಪರಿಶೀಲಿಸಲು ತೊಡಗಿದಾಗ ಅವರ ಕುತೂಹಲ ಇದ್ದುದು ಅದು ಏನನ್ನು ಹಿಡಿಯುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಅದು ಏನಾಗಿದೆ ಎಂಬುದರಲ್ಲಿ. ಆ ಪ್ರೋಟೀನಿನ ಮೈಗೇ ಸಕ್ಕರೆಯ ಸರಪಳಿ ಬಲವಾಗಿ ಬೆಸೆದುಕೊಂಡಿದೆ, ಅಂದರೆ ಅದು ಗ್ಲೈಕೋಪ್ರೋಟೀನು ಎಂಬ ವರ್ಗಕ್ಕೆ ಸೇರುತ್ತದೆ ಎಂಬುದನ್ನು 1966ರಲ್ಲಿ ಕಚಾಲ್ಸ್ಕಿಯವರನ್ನೂ ಒಳಗೊಂಡು ಅವರು ಪ್ರಕಟಿಸಿದರು. ಸಸ್ಯಗಳಲ್ಲಿ ಇಂಥ ಪ್ರೋಟೀನುಗಳ ಬಗ್ಗೆ ಆಗ ತಿಳಿದಿದ್ದುದು ಬಹಳ ಕಡಿಮೆ. 1972ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲಿಸ್ ಮತ್ತು ಶರೋನ್ ಬರೆದ ಸಮೀಕ್ಷಾ ಲೇಖನ ಚದುರಿಹೋಗಿದ್ದ ಕೆಲಸಗಳನ್ನು ಒಂದೆಡೆ ತಂದು, ವಿಲಿಯಂ ಬಾಯ್ಡ್ 1954ರಲ್ಲಿ ಸೂಚಿಸಿದ್ದ ಲೆಕ್ಟಿನ್ ಎಂಬ ಹೆಸರನ್ನು ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳೆಲ್ಲದರ ಸಕ್ಕರೆ ಹಿಡಿಯುವ ಪ್ರೋಟೀನುಗಳಿಗೆ ರೂಢಿಗೆ ತಂದಿತು.

ಸಕ್ಕರೆಗೆ ಇಷ್ಟು ಮಹತ್ವ ಬರಲು ಅದರ ರಚನೆಯೇ ಕಾರಣ. ಡಿಎನ್ಎಯ ಘಟಕಗಳಾದ ನ್ಯೂಕ್ಲಿಯೋಟೈಡುಗಳು ಒಂದೇ ರೀತಿಯಲ್ಲಿ ಕೊಂಡಿಗೂಡುವುದರಿಂದ ನಾಲ್ಕು ಬೇರೆಬೇರೆ ನ್ಯೂಕ್ಲಿಯೋಟೈಡುಗಳನ್ನು ಒಂದೊಂದು ಬಾರಿ ಬಳಸಿ 24 ಸರಪಳಿಗಳನ್ನು ಮಾತ್ರ ಕಟ್ಟಬಹುದು. ಸಕ್ಕರೆಯ ಒಂದೊಂದು ಅಣುವಿನಲ್ಲಿ ಕೊಂಡಿ ಹಾಕಬಹುದಾದ ಜಾಗಗಳು ಹಲವಾಗಿದ್ದು, ಕವಲೊಡೆಯಲೂ ಅವಕಾಶವಿರುವುದರಿಂದ ನಾಲ್ಕು ಬೇರೆಬೇರೆ ಸಕ್ಕರೆಗಳಿಂದ 35,560 ರಚನೆಗಳು ಸಾಧ್ಯವೆಂದು ಶರೋನ್ ಮತ್ತು ಲಿಸ್ 1993ರ ಲೇಖನವೊಂದರಲ್ಲಿ ಲೆಕ್ಕ ಕೊಟ್ಟರು. ಗ್ಲೂಕೋಸಿಗೂ ಗ್ಯಾಲಕ್ಟೋಸಿಗೂ ಇರುವ ವ್ಯತ್ಯಾಸ ನಾಲ್ಕನೆಯ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಗುಂಪು ಯಾವ ಕಡೆಗೆ ತಿರುಗಿದೆ ಎಂಬುದಷ್ಟೇ. ಸೋಯಾ ಲೆಕ್ಟಿನ್ ಈ ವ್ಯತ್ಯಾಸವನ್ನು ತಪ್ಪದೆ ಪಾಲಿಸುತ್ತದೆ: ಗ್ಯಾಲಕ್ಟೋಸನ್ನೂ ಅದರ ಸಂಬಂಧಿಯಾದ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನನ್ನೂ ಹಿಡಿಯುತ್ತದೆ, ಗ್ಲೂಕೋಸನ್ನು ಬಿಡುತ್ತದೆ.

ಇದನ್ನು ಗುರುತಿಸುವಿಕೆ ಎನ್ನಬಹುದೇ? ಹರಳುಗಟ್ಟಿಸಿದ ಲೆಕ್ಟಿನ್‌ಗಳ ಮೇಲೆ ಎಕ್ಸ್-ಕಿರಣ ಹಾಯಿಸಿ ಅವುಗಳ ಪರಮಾಣುಗಳ ಜೋಡಣೆಯನ್ನು ಕಂಡುಕೊಂಡ ಮೇಲೆ, ಅಲ್ಲಿ ನಡೆಯುವುದೇನೆಂಬುದರ ಬಗ್ಗೆ ಹೆಚ್ಚಿನ ರಹಸ್ಯ ಉಳಿದಿಲ್ಲ. ದ್ವಿದಳ ಧಾನ್ಯಗಳ ಲೆಕ್ಟಿನ್ನಿನ ಮೇಲ್ಮೈಯಲ್ಲಿ ಆಳವಿಲ್ಲದ ಒಂದು ತಗ್ಗು ಇರುತ್ತದೆ. ಅದರ ಅಂಚಿನ ಕೆಲವು ಅಮೈನೋ ಆಮ್ಲಗಳು ಸಕ್ಕರೆಯ ಹೈಡ್ರಾಕ್ಸಿಲ್ ಗುಂಪುಗಳೊಡನೆ ಹೈಡ್ರೋಜನ್ ಬಂಧಗಳನ್ನು ಏರ್ಪಡಿಸಿಕೊಳ್ಳುತ್ತವೆ. ಹತ್ತಿರದಲ್ಲಿ ಕುಳಿತ ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಅಯಾನುಗಳು ಆ ಅಮೈನೋ ಆಮ್ಲಗಳನ್ನು ತಕ್ಕ ಸ್ಥಾನದಲ್ಲಿ ನಿಲ್ಲಿಸುತ್ತವೆ. ಒಂಟಿ ಸಕ್ಕರೆಯ ಮೇಲಿನ ಹಿಡಿತ ಬಹಳ ಸಡಿಲ. ಪ್ರೋಟೀನಿನ ಹಲವು ತಗ್ಗುಗಳು ಕೋಶದ ಮೇಲಿನ ಹಲವು ಸಕ್ಕರೆಗಳನ್ನು ಒಟ್ಟಿಗೆ ಹಿಡಿದಾಗ ಮಾತ್ರ ಅದು ಗಟ್ಟಿಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ ಅವಧೇಶ ಸುರೋಲಿಯಾ ಅವರ ಸಹಯೋಗದಲ್ಲಿ 1996ರಲ್ಲಿ ಹಲಸಿನ ಬೀಜದ ಲೆಕ್ಟಿನ್ ಆದ ಜಾಕಲಿನ್ನಿನ ರಚನೆಯನ್ನು ಪ್ರಕಟಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಆ ಪ್ರೋಟೀನಿನ ಸರಪಳಿ ತಯಾರಾದ ನಂತರ ಒಂದೆಡೆ ಕತ್ತರಿಸಲ್ಪಡುತ್ತದೆ, ಮತ್ತು ಹಾಗೆ ಹುಟ್ಟಿದ ಹೊಸ ತುದಿಯೇ ಗ್ಯಾಲಕ್ಟೋಸನ್ನು ಆರಿಸುವ ಸಾಮರ್ಥ್ಯವನ್ನು ಅದಕ್ಕೆ ತಂದುಕೊಡುತ್ತದೆ. ಆಯ್ಕೆಯ ಗುಣ ಒಂದು ಕಡಿತದಿಂದ ಹುಟ್ಟಬಲ್ಲುದಾದರೆ, ಆಯ್ಕೆ ಮಾಡುವವನೊಬ್ಬ ಆ ಅಣುವಿನೊಳಗೆ ಕುಳಿತಿರಬೇಕೆಂದು ಊಹಿಸುವ ಅಗತ್ಯ ಬೀಳುವುದಿಲ್ಲ. ಇಷ್ಟರ ಮಟ್ಟಿಗೆ ಸಾಂಖ್ಯರ ಮಾತು ನಿಲ್ಲುತ್ತದೆ: ನಿಯತವಾದ ಪ್ರವೃತ್ತಿಗೆ ಒಳಗಿನ ಅರಿವು ಬೇಕಿಲ್ಲ.

ಆದರೆ ಪ್ರವೃತ್ತಿ ಬೇರೆ, ಉದ್ದೇಶ ಬೇರೆ. ಲೆಕ್ಟಿನ್ ಗ್ಯಾಲಕ್ಟೋಸನ್ನು ಹಿಡಿಯುತ್ತದೆ ಎಂಬುದು ಪ್ರವೃತ್ತಿ. ಯಾತಕ್ಕಾಗಿ ಹಿಡಿಯುತ್ತದೆ ಎಂದು ಕೇಳಿದೊಡನೆ ಉತ್ತರ ಅಣುವಿನಿಂದ ಹೊರಕ್ಕೆ ಜಾರುತ್ತದೆ. ರಕ್ತದಲ್ಲಿ ಹರಿಯುವ ಅನೇಕ ಪ್ರೋಟೀನುಗಳ ಸಕ್ಕರೆಯ ಸರಪಳಿಗಳು ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯಿಂದ ಕೊನೆಗೊಳ್ಳುತ್ತವೆ. ಅದು ಕಳಚಿ ಕೆಳಗಿನ ಗ್ಯಾಲಕ್ಟೋಸ್ ತೆರೆದುಕೊಂಡರೆ ಪಿತ್ತಜನಕಾಂಗದ ಲೆಕ್ಟಿನ್ ಆ ಪ್ರೋಟೀನನ್ನು ಹಿಡಿದು ರಕ್ತದಿಂದ ತೆಗೆದುಹಾಕುತ್ತದೆಂದು ಗಿಲ್ಬರ್ಟ್ ಆ್ಯಶ್ವೆಲ್ ಮತ್ತು ಅನಾಟೋಲ್ ಮೊರೆಲ್ ತೋರಿಸಿದರು. ಅಲ್ಲಿ ತೆರೆದ ಗ್ಯಾಲಕ್ಟೋಸ್ ಎಂದರೆ ಆಯುಸ್ಸು ಮುಗಿದ ಸೂಚನೆ. ಅದೇ ಗ್ಯಾಲಕ್ಟೋಸ್ ಕೆಂಪು ರಕ್ತಕಣದ ಮೇಲಿನ ಬಿ ಗುಂಪಿನ ಸರಪಳಿಯ ತುದಿಯಲ್ಲಿದ್ದಾಗ ಯಾವ ಅಂತ್ಯವನ್ನೂ ಸೂಚಿಸುವುದಿಲ್ಲ. ಸಿಯಾಲಿಕ್ ಆಮ್ಲದ ಕಥೆಯೂ ಇಂಥದೇ: ಒಂದು ಕಡೆ ಅದು ರಕ್ತದ ಪ್ರೋಟೀನುಗಳಿಗೆ ರಕ್ಷೆ, ಇನ್ನೊಂದು ಕಡೆ ಇನ್‌ಫ್ಲುಯೆಂಜಾ ವೈರಸ್ಸಿನ ಲೆಕ್ಟಿನ್ ಗಂಟಲಿನ ಕೋಶಗಳಿಗೆ ಅಂಟಿಕೊಳ್ಳಲು ಬಳಸುವ ಆಸರೆ. ಇ. ಕೋಲಿ ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಕೂದಲಿನಂಥ ಎಳೆಗಳ ತುದಿಯ ಲೆಕ್ಟಿನ್ನಿನಿಂದ ಮೂತ್ರನಾಳದ ಕೋಶಗಳ ಮ್ಯಾನೋಸ್ ಸಕ್ಕರೆಯನ್ನು ಹಿಡಿದು ರೋಗ ತರುತ್ತದೆ, ಮನುಷ್ಯನ ರಕ್ತದಲ್ಲಿರುವ ಇನ್ನೊಂದು ಲೆಕ್ಟಿನ್ ಸೂಕ್ಷ್ಮಜೀವಿಗಳ ಮೇಲಿನ ಮ್ಯಾನೋಸನ್ನೇ ಹಿಡಿದು ಅವುಗಳ ನಾಶಕ್ಕೆ ದಾರಿ ಮಾಡುತ್ತದೆ. ಹಿಡಿತ ಒಂದೇ, ಫಲ ವಿರುದ್ಧ. ಶಂಕರಾಚಾರ್ಯರ ಹುಲ್ಲಿನ ವಾದ ಇಲ್ಲಿ ಅನಿರೀಕ್ಷಿತವಾಗಿ ಬಲ ಪಡೆಯುತ್ತದೆ: ಪ್ರಯೋಜನವೆಂಬುದು ಅಂಶದಲ್ಲಿ ಅಡಗಿರುವ ಗುಣವಲ್ಲ, ಆ ಅಂಶ ಯಾವ ಒಡಲಿಗೆ ಸೇರಿದೆಯೋ ಆ ಒಡಲಿನ ಸಂಬಂಧದಲ್ಲಿ ಮಾತ್ರ ಸಿದ್ಧಿಸುವಂಥದು.

ಬೀಜದಲ್ಲಿರುವ ಲೆಕ್ಟಿನ್ನಿನ ಪ್ರಯೋಜನ ಏನು ಎಂಬ ಪ್ರಶ್ನೆ ಈ ಮಾತನ್ನು ಇನ್ನಷ್ಟು ಹರಿತಗೊಳಿಸುತ್ತದೆ. ಸಸ್ಯವನ್ನು ತಿನ್ನುವ ಕೀಟ ಮತ್ತು ಪ್ರಾಣಿಗಳಿಂದ ರಕ್ಷಣೆ ಒಂದು ಉತ್ತರ. ಸರಿಯಾಗಿ ಬೇಯಿಸದ ಕೆಂಪು ರಾಜ್ಮಾ ತಿಂದವರಿಗೆ ವಾಂತಿಭೇದಿಯಾಗುವುದು ಅದರ ಲೆಕ್ಟಿನ್ನಿನಿಂದಲೇ ಆದ್ದರಿಂದ ಈ ಉತ್ತರಕ್ಕೆ ಆಧಾರವಿದೆ. ಬೇರಿನ ಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾಗಳನ್ನು ಆರಿಸಿಕೊಳ್ಳುವುದು ಇನ್ನೊಂದು ಉತ್ತರ. ಬಟಾಣಿಯ ಲೆಕ್ಟಿನ್ನಿನ ಜೀನನ್ನು ಕ್ಲೋವರ್ ಎಂಬ ಮೇವಿನ ಗಿಡದ ಬೇರಿಗೆ ಸೇರಿಸಿದಾಗ ಬಟಾಣಿಯ ಬ್ಯಾಕ್ಟೀರಿಯಾ ಆ ಬೇರಿನಲ್ಲಿಯೂ ಗಂಟು ಕಟ್ಟಿತೆಂದು 1989ರಲ್ಲಿ ವರದಿಯಾದದ್ದು ಇದಕ್ಕೆ ಒತ್ತಾಸೆಯಾಯಿತು. ಆದರೆ ಬೀಜದಲ್ಲಿ ಆ ಲೆಕ್ಟಿನ್ನೇ ಇಲ್ಲದ ಸೋಯಾ ತಳಿಗಳೂ ಇವೆ. ಅವು ಬೆಳೆಯುತ್ತವೆ, ಅವುಗಳ ಬೇರಿನಲ್ಲಿಯೂ ಗಂಟುಗಳಾಗುತ್ತವೆ. ಯಾವುದಿಲ್ಲದೆಯೂ ಗಿಡ ಬದುಕಬಲ್ಲುದೋ ಅದು ಗಿಡದ ಬದುಕಿಗಾಗಿಯೇ ಇದೆ ಎಂದು ಸಾಧಿಸುವುದು ಕಷ್ಟ; ಹಾಗೆಂದು ಅದು ನಿರರ್ಥಕವೆಂದು ತೀರ್ಮಾನಿಸುವುದೂ ಅವಸರ, ಏಕೆಂದರೆ ಕೀಟಬಾಧೆ ಇಲ್ಲದ ಹೊಲದಲ್ಲಿ ವ್ಯರ್ಥವೆನಿಸಿದ್ದು ಬಾಧೆ ಬಂದ ವರ್ಷ ಕಾಪಾಡಬಹುದು.

ಇಂಥ ಸ್ಥಿತಿಯಲ್ಲಿ ಉದ್ದೇಶದ ಭಾಷೆಯನ್ನೇ ಬಿಟ್ಟುಬಿಡಬೇಕೆಂದು ಕೆಲವರು ಹೇಳುವರು. ಜರ್ಮನ್ ದಾರ್ಶನಿಕ ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಪ್ರಕಟಿಸಿದ, ನಿರ್ಣಯಶಕ್ತಿಯ ವಿಮರ್ಶೆಯನ್ನು ವಸ್ತುವಾಗುಳ್ಳ ಗ್ರಂಥದಲ್ಲಿ ಹೆಚ್ಚು ಎಚ್ಚರಿಕೆಯ ದಾರಿಯೊಂದನ್ನು ತೋರಿಸಿದ್ದ: ಜೀವಿಗಳನ್ನು ಅರಿಯಬೇಕಾದರೆ ಅವುಗಳ ಭಾಗಗಳು ಒಂದು ಉದ್ದೇಶಕ್ಕಾಗಿ ಜೋಡಣೆಯಾಗಿವೆಯೋ ಎಂಬಂತೆ ನೋಡುವುದು ಬುದ್ಧಿಗೆ ಅನಿವಾರ್ಯ, ಆದರೆ ಆ ‘ಎಂಬಂತೆ’ಯನ್ನು ವಸ್ತುಸ್ಥಿತಿಯೆಂದು ಸಾರುವ ಅಧಿಕಾರ ಬುದ್ಧಿಗಿಲ್ಲ. 1859ರ ನಂತರ ಡಾರ್ವಿನ್ನನ ನೈಸರ್ಗಿಕ ಆಯ್ಕೆಯ ಸಿದ್ಧಾಂತ, ಉಪಯುಕ್ತವಾದದ್ದು ಯಾರ ಸಂಕಲ್ಪವೂ ಇಲ್ಲದೆ ಹೇಗೆ ಉಳಿದುಬರುತ್ತದೆ ಎಂಬುದಕ್ಕೆ ವಿವರಣೆ ಒದಗಿಸಿತು. ಸಾಂಖ್ಯರಿಗೂ ವೇದಾಂತಿಗಳಿಗೂ ಲಭ್ಯವಿರದಿದ್ದ ಮೂರನೆಯ ಪಕ್ಷ ಇದು: ಒಳಗೆ ಅರಿವಿಲ್ಲ, ಹೊರಗೆ ನಡೆಸುವವನಿಲ್ಲ, ಆದರೂ ಅಸಂಖ್ಯ ತಲೆಮಾರುಗಳ ಸೋಸುವಿಕೆಯಿಂದ ಪ್ರಯೋಜನದಂತೆ ತೋರುವುದು ಹುಟ್ಟುತ್ತದೆ. ವೇದಾಂತಿ ಇದಕ್ಕೆ ಕೂಡಲೇ ಒಪ್ಪಬೇಕಾಗಿಲ್ಲ. ಸೋಸುವಿಕೆ ನಡೆಯಲು ಮೊದಲೇ ನಿಯಮಬದ್ಧವಾದ ಜಗತ್ತೊಂದು ಇರಬೇಕು, ಆ ನಿಯಮಬದ್ಧತೆಯ ಮೂಲ ಯಾವುದು ಎಂದು ಅವನು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರವನ್ನು ಲೆಕ್ಟಿನ್ನಿನ ತಗ್ಗಿನಲ್ಲಿ ಹುಡುಕಲಾಗದು. ಅಣುವಿನ ಸೂಕ್ಷ್ಮ ರಚನೆಯನ್ನು ತೋರಿಸಿ ಈಶ್ವರನನ್ನು ಸ್ಥಾಪಿಸುವವರೂ, ಅದೇ ರಚನೆಯನ್ನು ಬಿಡಿಸಿ ತೋರಿಸಿ ಈಶ್ವರನನ್ನು ನಿರಾಕರಿಸುವವರೂ ಒಂದೇ ತಪ್ಪನ್ನು ಮಾಡುತ್ತಾರೆ: ಅಂಶದ ಬಗೆಗಿನ ಪ್ರಮಾಣವನ್ನು ಸಮಸ್ತದ ಬಗೆಗಿನ ತೀರ್ಮಾನಕ್ಕೆ ಹಚ್ಚುತ್ತಾರೆ.

ಈ ವಾದದಲ್ಲಿ ಸಾಮಾನ್ಯವಾಗಿ ಪರೀಕ್ಷೆಗೆ ಒಳಗಾಗದ ಪಕ್ಷವೆಂದರೆ ಚೇತನದ್ದು. ಚೇತನವಿದ್ದಲ್ಲಿ ಉದ್ದೇಶವಿದೆ ಎಂಬುದನ್ನು ಇಬ್ಬರೂ ವಾದಿಗಳು ಒಪ್ಪಿಯೇ ಮುಂದುವರಿಯುತ್ತಾರೆ. ಶರೋನ್ ಅವರ ಸಂಶೋಧನೆಯ ಚರಿತ್ರೆ ಈ ಒಪ್ಪಿಗೆಯನ್ನೇ ಸಡಿಲಿಸುತ್ತದೆ. ಸೋಯಾ ಲೆಕ್ಟಿನ್ನನ್ನು ಗ್ಲೈಕೋಪ್ರೋಟೀನಿನ ಮಾದರಿಯೆಂದು ಕೈಗೆತ್ತಿಕೊಂಡಾಗ ಅದು ಅಸ್ಥಿಮಜ್ಜೆಯ ಕಸಿಗೆ ನೆರವಾಗುವುದೆಂಬ ಕಲ್ಪನೆ ಯಾರಿಗೂ ಇರಲಿಲ್ಲ. 1970ರ ದಶಕದ ಕೊನೆಯ ಭಾಗದಲ್ಲಿ ಅವರ ವಿದ್ಯಾರ್ಥಿ ಯಾಯಿರ್ ರೈಸ್ನರ್ ಇಲಿಗಳ ರೋಗನಿರೋಧಕ ಕೋಶಗಳನ್ನು ಶೇಂಗಾ ಮತ್ತು ಸೋಯಾ ಲೆಕ್ಟಿನ್‌ಗಳಿಂದ ಬೇರ್ಪಡಿಸಬಹುದೆಂದು ತೋರಿಸಿದರು. ಮುಂದೆ ನ್ಯೂಯಾರ್ಕಿನಲ್ಲಿ ಸೋಯಾ ಲೆಕ್ಟಿನ್ ಮತ್ತು ಕುರಿಯ ಕೆಂಪು ರಕ್ತಕಣಗಳನ್ನು ಬಳಸಿ, ಹೊಂದಾಣಿಕೆಯಾಗದ ತಂದೆ ಅಥವಾ ತಾಯಿಯ ಮಜ್ಜೆಯಿಂದ ಅಪಾಯಕಾರಿಯಾದ ಟಿ ಕೋಶಗಳನ್ನು ತೆಗೆದು, ಹುಟ್ಟಿನಿಂದಲೇ ರೋಗನಿರೋಧ ಶಕ್ತಿಯಿಲ್ಲದ ಮಕ್ಕಳಿಗೆ ಆ ಮಜ್ಜೆಯನ್ನು ಕಸಿ ಮಾಡಲಾಯಿತು. ಶರೋನ್ ಅವರ ಪ್ರಯೋಗಾಲಯದಲ್ಲಿ 1975ರಲ್ಲಿ ಶುದ್ಧೀಕರಿಸಿ ವಿವರಿಸಲ್ಪಟ್ಟ ಶೇಂಗಾ ಲೆಕ್ಟಿನ್ನಿನ ರಚನೆ 1994ರಲ್ಲಿ ಬೆಂಗಳೂರಿನಿಂದ ಹೊರಬಂದು, ಪ್ರೋಟೀನಿನ ಉಪಘಟಕಗಳು ನಿರೀಕ್ಷಿತ ಸಮಮಿತಿಯಿಲ್ಲದೆಯೂ ಸ್ಥಿರವಾಗಿ ಜೋಡಣೆಯಾಗಬಲ್ಲವೆಂಬ ಹೊಸ ಪಾಠ ಕೊಟ್ಟಿತು. ಇತ್ಸಾಕ್ ಓಫೆಕ್ ಮತ್ತು ಡೇವಿಡ್ ಮಿರೆಲ್ಮನ್ ಅವರೊಡನೆ 1977ರಲ್ಲಿ ಶರೋನ್ ಪ್ರಕಟಿಸಿದ ಇ. ಕೋಲಿಯ ಮ್ಯಾನೋಸ್ ಹಿಡಿತದ ಅಧ್ಯಯನ, ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅಂಟದಂತೆ ತಡೆದು ರೋಗ ನಿವಾರಿಸುವ ಚಿಕಿತ್ಸೆಯ ವಿಚಾರಕ್ಕೆ ದಾರಿಯಾಯಿತು. 1994ರಲ್ಲಿ ಅವರಿಗೆ ಇಸ್ರೇಲ್ ಪ್ರಶಸ್ತಿ ಸಂದಾಗ ಎಣಿಕೆಗೆ ಬಂದ ಫಲಗಳಲ್ಲಿ ಬಹುಪಾಲು ಆರಂಭದಲ್ಲಿ ಉದ್ದೇಶಿಸಲ್ಪಟ್ಟವು ಆಗಿರಲಿಲ್ಲ. ಚೇತನನಾದ ಸಂಶೋಧಕನ ಕೆಲಸವೂ ಫಲವನ್ನು ಪಡೆದದ್ದು ತನ್ನೊಳಗಿನ ಸಂಕಲ್ಪವೊಂದರಿಂದಲೇ ಅಲ್ಲ, ತಾನು ಮುಂಗಾಣದಿದ್ದ ಸಂಬಂಧಗಳಲ್ಲಿ ಸೇರಿಕೊಂಡಾಗ.

ಹಾಗಾದರೆ ಚೇತನಕ್ಕೂ ಅಚೇತನಕ್ಕೂ ಭೇದವೇ ಇಲ್ಲವೆನ್ನಬೇಕೇ? ಭೇದವಿದೆ, ಆದರೆ ಅದು ಸಾಂಪ್ರದಾಯಿಕವಾಗಿ ಗುರುತಿಸಿದ ಜಾಗದಲ್ಲಿಲ್ಲ. ಆರಿಸುವುದು ಅಚೇತನಕ್ಕೂ ಸಾಧ್ಯ, ಫಲ ಕೊಡುವುದೂ ಸಾಧ್ಯ. ತನ್ನ ಆಯ್ಕೆಯ ಫಲ ಏನಾಯಿತೆಂದು ನೋಡಿ, ಇದು ಯಾತಕ್ಕಾಗಿ ಎಂದು ಕೇಳಿ, ಉತ್ತರ ಸರಿಯಿಲ್ಲದಿದ್ದರೆ ಕೈಯನ್ನು ಹಿಂತೆಗೆದುಕೊಳ್ಳುವುದು ಚೇತನಕ್ಕೆ ಮಾತ್ರ ಸಾಧ್ಯ. ರಿಸಿನ್ ಇದಕ್ಕೆ ನಿದರ್ಶನ. ಎರ್ಲಿಕ್‌ನ ಪ್ರಯೋಗಾಲಯದಲ್ಲಿ ಅದು ರೋಗನಿರೋಧದ ತತ್ತ್ವವನ್ನು ಬೆಳಗಿಸಿತು, ಬೇರೆಯವರ ಕೈಯಲ್ಲಿ ಕೊಲ್ಲುವ ಸಾಧನವಾಯಿತು. ಎರಡು ಕಡೆಯೂ ಅದು ಮಾಡಿದ್ದು ಕೋಶದ ಮೇಲಿನ ಗ್ಯಾಲಕ್ಟೋಸನ್ನು ಹಿಡಿದು ಒಳಹೊಕ್ಕು ಪ್ರೋಟೀನು ತಯಾರಿಕೆಯನ್ನು ನಿಲ್ಲಿಸುವ ಒಂದೇ ಕೆಲಸ. 1993ರ ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದದ ಮೊದಲ ಅನುಸೂಚಿಯಲ್ಲಿ ಅದರ ಹೆಸರು ಸೇರಿದ್ದು ರಿಸಿನ್ನಿನ ಗುಣ ಬದಲಾದುದರಿಂದಲ್ಲ, ಮನುಷ್ಯರು ಅದರ ಉಪಯೋಗವನ್ನು ಪ್ರಶ್ನಿಸಿದ್ದರಿಂದ. ಅಚೇತನದಲ್ಲಿ ಉದ್ದೇಶವನ್ನು ಕಾಣುವ ಮನುಷ್ಯನ ಚಾಳಿಯನ್ನು ತಿದ್ದುವುದಕ್ಕಿಂತ, ತನ್ನ ಉದ್ದೇಶವನ್ನು ಅಚೇತನದ ಮೇಲೆ ಹೊರಿಸಿ ತಾನು ಕೈತೊಳೆದುಕೊಳ್ಳುವ ಚಾಳಿಯನ್ನು ತಿದ್ದುವುದು ಹೆಚ್ಚು ತುರ್ತಿನದು. ಉದ್ದೇಶವೆಂಬುದು ವಸ್ತುವಿನ ಗುಣವಾಗಿರದೆ ಸಂಬಂಧದಲ್ಲಿ ಸಿದ್ಧಿಸುವುದಾದರೆ, ಆ ಸಂಬಂಧದಲ್ಲಿ ಪ್ರಶ್ನಿಸಬಲ್ಲ ಪಕ್ಷ ಯಾವುದೋ ಹೊಣೆಯೂ ಅದರದೇ ಎಂಬುದು ಲೆಕ್ಟಿನ್‌ಗಳ ಅಧ್ಯಯನದಿಂದ ದಾರ್ಶನಿಕರು ತೆಗೆದುಕೊಳ್ಳಬಹುದಾದ ನಿರ್ಣಯ.